ಓರ್ವಿಯೆತೋದಿಂದ ಬಂದ ಏಳು ಕಾರ್ಡು

"ಬರಿ," ಎಂದರು ವೇದವಲ್ಲಿ.

ಅವರ ಮಗನ ಗೆಳೆಯ ಗಿರಿಧರ ಪೆನ್ನು ಹಿಡಿದು ಕೂತಿದ್ದ. ಬರೆಯಲಿಲ್ಲ.

ಜಪಾನಿನ ವಾಕೋ ಸ್ಟೇಷನ್ನಿನ ಹತ್ತಿರದ ಪಾರ್ಕಿನಲ್ಲಿ, ಒಂದೇ ಬೆಂಚಿನ ಎರಡು ತುದಿಗಳಲ್ಲಿ, ಇಬ್ಬರೂ ಮಾಸ್ಕ್ ಹಾಕಿಕೊಂಡು ಕೂತಿದ್ದರು. ನಡುವಿನ ಜಾಗದಲ್ಲಿ ಏಳು ಪಿಕ್ಚರ್ ಕಾರ್ಡುಗಳು ಸಾಲಾಗಿದ್ದವು. ಗಾಳಿಗೆ ಹಾರದಿರಲೆಂದು ವೇದವಲ್ಲಿ ಅವುಗಳ ಮೇಲೆ ಕನ್ನಡಕದ ಡಬ್ಬಿ, ಮನೆಯ ಬೀಗದಕೈ, ಕೊಂಬಿನಿ ಅಂಗಡಿಯಲ್ಲಿ ಕೊಂಡ ಟೀ ಬಾಟಲಿ ಹೇರಿದ್ದರು.

"ಏನು ಬರೀಲಿ ಅಮ್ಮ?"

"ನಾನು ಹೇಳಿದ್ದನ್ನ. ಮೂರು ಸಲ. ಮೊದಲನೇ ಸಲ ಎಲ್ಲರೂ ಹುಷಾರಾಗಿ ಬರೀತಾರೆ. ಮೂರನೇ ಸಲಕ್ಕೆ ಕೈ ತನ್ನ ಬುದ್ಧಿ ತೋರಿಸತ್ತೆ."

ಮೂವತ್ತೊಂದು ವರ್ಷ ಬೆಂಗಳೂರಿನ ಪೊಲೀಸ್ ಪ್ರಯೋಗಾಲಯದ ಕೈಬರಹ ವಿಭಾಗದಲ್ಲಿ ಕೂತು ಸುಳ್ಳು ಉಯಿಲು, ಸುಳ್ಳು ರುಜು, ಸುಳ್ಳು ಪ್ರೇಮಪತ್ರ ಹಿಡಿದುಕೊಟ್ಟ ಹೆಂಗಸು ಅವರು. ಆ ಏಳು ಕಾರ್ಡುಗಳಲ್ಲಿ ಐದು ತಮ್ಮ ಮಗ ಮುಕುಂದನ ಕೈಯವಲ್ಲ ಎಂಬುದು ಅವರಿಗೆ ತಿಳಿದಿತ್ತು. ಯಾರ ಕೈ ಎಂಬುದೂ ನಿನ್ನೆ ಮಧ್ಯಾಹ್ನ ತಿಳಿದಿತ್ತು. ಮೊಮ್ಮಗಳಿಗೆ ಉಡುಗೊರೆಯಾಗಿ ಬಂದ ಬೆಳ್ಳಿ ಬಟ್ಟಲಿನ ಪೊಟ್ಟಣದ ಮೇಲೆ ಗಿರಿಧರ ತನ್ನ ಕೈಯಾರೆ ಎರಡು ಸಾಲು ಆಶೀರ್ವಾದ ಬರೆದಿದ್ದ.

ನಡೆದದ್ದು ಇಷ್ಟು. ವಾಕೋದ ಸಂಶೋಧನಾ ಸಂಸ್ಥೆಯಲ್ಲಿದ್ದ ಮುಕುಂದ, ಬಂಡೆಯನ್ನು ಅಗೆಯದೆಯೇ ಅದರೊಳಗಿನ ಟೊಳ್ಳನ್ನು ಪತ್ತೆ ಮಾಡುವ ಯಂತ್ರ ಹೊತ್ತು ಇಟಲಿಯ ಓರ್ವಿಯೆತೋಗೆ ಹೋದದ್ದು ಈ ವರ್ಷದ, ಅಂದರೆ ೨೦೨೦ರ ಫೆಬ್ರವರಿಯಲ್ಲಿ. ಬೆಟ್ಟದ ನೆತ್ತಿಯ ಮೇಲಿನ ಹಳೆಯ ಊರು. ಆರು ವಾರದ ಕೆಲಸ. ಹೆಂಡತಿ ತಾರಾ ತುಂಬು ಬಸುರಿ. ಅವಳಿಗೆ ಹೆತ್ತವರಿರಲಿಲ್ಲ, ಬಾಣಂತನಕ್ಕೆ ಅತ್ತೆಯೇ ಬೆಂಗಳೂರಿನಿಂದ ಜಪಾನಿಗೆ, ಅವರ ಎಡೋಗಾವಾದ ಫ್ಲ್ಯಾಟಿಗೆ ಬಂದಿಳಿದರು. ಮಾರ್ಚಿನಲ್ಲಿ ದೇಶದೇಶಗಳ ಬಾಗಿಲು ಮುಚ್ಚಿತು.

ಮುಕುಂದನಿಗೆ ಕೊರೊನಾ ಬಂತು. ಗಂಟಲಿಗೆ ಕೊಳವೆ ಹಾಕಿದ್ದರಿಂದ ದನಿ ಹೋಯಿತು. ಫೋನು ಆಸ್ಪತ್ರೆಯಲ್ಲಿ ಕಳೆಯಿತು. ಸೊರಗಿದ ಮುಖ ತೋರಿಸಲು ಅವನಿಗೆ ಮನಸ್ಸಿಲ್ಲ, ಅದಕ್ಕೇ ಕಾರ್ಡು ಬರೆಯುತ್ತಾನೆ. ಅಂಚೆ ಸರಿಯಿಲ್ಲದ್ದರಿಂದ ಕಾರ್ಡು ಆಫೀಸಿನ ಪಾರ್ಸೆಲ್ಲಿನಲ್ಲಿ ಬರುತ್ತದೆ. ಹೀಗೆಂದು ಹೇಳಿದವನು ಅವನ ಗೆಳೆಯ ಗಿರಿಧರ. ತಿಂಗಳಿಗೊಂದರಂತೆ ಕಾರ್ಡು ತಂದುಕೊಟ್ಟವನೂ ಅವನೇ.

ಬೇರೆ ಯಾರದೋ ಮಗನ ವಿಷಯದಲ್ಲಿ ಇದೇ ಕತೆ ಕೇಳಿದ್ದರೆ ವೇದವಲ್ಲಿ ಅರ್ಧ ಗಂಟೆಯೂ ನಂಬುತ್ತಿರಲಿಲ್ಲ.

"ಬರ್ಕೋ," ಎಂದು ಅವರು ಏಳನೆಯ ಕಾರ್ಡನ್ನು ಕೈಗೆತ್ತಿಕೊಂಡರು. "'ಪ್ರೀತಿಯ ಅಮ್ಮ, ಇದು ಇಲ್ಲಿನ ಪ್ರಸಿದ್ಧ ಬಾವಿ. ಸಾವಿರದ ಐನೂರ ಇಪ್ಪತ್ತೇಳರಲ್ಲಿ ರೋಮ್ ಲೂಟಿಯಾದಾಗ ಪೋಪ್ ಈ ಬೆಟ್ಟಕ್ಕೆ ಓಡಿಬಂದ. ಮುತ್ತಿಗೆ ಬಿದ್ದರೆ ಕುಡಿಯಲು ನೀರಿರಲೆಂದು ಇದನ್ನು ತೋಡಿಸಿದ.' ಬರೆದ್ಯಾ?"

ಅವನು ಬರೆಯುತ್ತಿದ್ದ.

"'ಇನ್ನೂರ ನಲವತ್ತೆಂಟು ಮೆಟ್ಟಿಲು. ನಿಧಾನವಾಗಿ ಇಳಿದೆ, ನಿಧಾನವಾಗಿ ಹತ್ತಿದೆ. ಹತ್ತುವಾಗ, ಎದುರಿಗೆ ಇಳಿದು ಬರುತ್ತಿದ್ದ ಮುದುಕನೊಬ್ಬನಿಗೆ ಗೋಡೆಗೆ ಒರಗಿ ದಾರಿ ಬಿಟ್ಟೆ.'"

ಪೆನ್ನು ನಿಂತಿತು.

"ಯಾಕೆ ನಿಲ್ಲಿಸಿದೆ?"

"ಅಮ್ಮ…"

"ಆ ಬಾವೀಲಿ ಎದುರಿಗೆ ಯಾರೂ ಬರಲ್ಲ ಕಣೋ ಗಿರಿ."

ಅವನು ತಲೆಯೆತ್ತಿದ.

"ಎರಡು ಮೆಟ್ಟಿಲು ಸಾಲು ಇವೆ ಅದರಲ್ಲಿ. ಜಡೆ ಹೆಣೆದ ಹಾಗೆ ಒಂದರ ಮೇಲೊಂದು ಸುತ್ತಿಕೊಂಡು ಹೋಗ್ತವೆ. ಇಳಿಯೋಕೆ ಒಂದು, ಹತ್ತೋಕೆ ಒಂದು. ನೀರು ಹೊರೋ ಕತ್ತೆಗಳು ಡಿಕ್ಕಿ ಹೊಡೀಬಾರದು ಅಂತ. ಫೆಬ್ರವರೀಲಿ ಅವನೇ ಫೋನಲ್ಲಿ ತೋರಿಸಿದ. 'ಅಮ್ಮ, ಕಿಟಕೀಲಿ ಆಚೆಯವರ ಮುಖ ಕಾಣತ್ತೆ, ಎದುರಾಗಲ್ಲ. ನಮ್ಮ ಮಾರ್ಕೆಟ್ ಫ್ಲೈಓವರ್ ಕಟ್ಟಿದೋರು ಒಂದ್ಸಲ ಬಂದು ನೋಡ್ಬೇಕು' ಅಂದ. ಇದನ್ನ ಬರೆದೋನು ಆ ಬಾವಿ ನೋಡಿಲ್ಲ. ಪುಸ್ತಕ ನೋಡಿದಾನೆ."

ಗಿರಿಧರ ಪೆನ್ನಿನ ಟೋಪಿ ಹಾಕಿದ, ತೆಗೆದ, ಮತ್ತೆ ಹಾಕಿದ.

ಮೊದಲ ಎರಡು ಕಾರ್ಡುಗಳನ್ನು ವೇದವಲ್ಲಿ ಬೇರೆಯಾಗಿ ಸರಿಸಿಟ್ಟರು. ಒಂದರಲ್ಲಿ ಊರಿನ ದೊಡ್ಡ ಇಗರ್ಜಿ. ಮುನ್ನೂರು ವರ್ಷ ಕಟ್ಟಿದ್ದು, ಮೈತುಂಬ ಕಪ್ಪು-ಬಿಳಿ ಕಲ್ಲಿನ ಪಟ್ಟೆ. 'ಥೇಟ್ ಅಪ್ಪನ ಪಟಾಪಟಿ ಚಡ್ಡಿ, ದೇವರ ಆಣೆ' ಎಂದು ಬರೆದಿದ್ದ ಮುಕುಂದ. ಇನ್ನೊಂದರಲ್ಲಿ ಗಡಿಯಾರದ ಗೋಪುರದ ಮೇಲೆ ನಿಂತು ಗಂಟೆ ಬಾರಿಸುವ ಕಂಚಿನ ಬೊಂಬೆ. 'ಇಗರ್ಜಿ ಕಟ್ಟೋ ಕೂಲಿಗಳಿಗೆ ಟೈಮ್ ಗೊತ್ತಾಗಲಿ ಅಂತ ಇವನನ್ನ ನಿಲ್ಲಿಸಿದರಂತೆ. ಕಟ್ಟಡ ಮುಗೀತು, ಕೂಲಿಗಳೂ ಹೋದರು, ಇವನಿಗೆ ಮಾತ್ರ ರಿಟೈರ್‌ಮೆಂಟ್ ಇಲ್ಲ. ನಿನ್ನ ಹಾಗೇ ಅಮ್ಮ.'

ಆಮೇಲಿನ ಐದರಲ್ಲಿ ಊರ ನಡುವಿನ ಎತ್ತರದ ಗೋಪುರವಿತ್ತು, ಬಂಡೆಯೊಳಗೆ ಪಾರಿವಾಳ ಸಾಕಲು ಕೊರೆದ ಗೂಡುಗಳಿದ್ದವು, ಹಳೆಯ ಕೋಟೆಯಿತ್ತು, ಕಡಿದಾದ ಕಣಿವೆಯಂಚಿನ ಬೀದಿಯಿತ್ತು, ಈ ಬಾವಿಯಿತ್ತು. ಇಸವಿ ಸರಿ, ಅಳತೆ ಸರಿ. ಆದರೆ ಐದೂ ಕಾರ್ಡು ಹುಡುಕಿದರೂ ತಾಯಿಯನ್ನು ಛೇಡಿಸಿದ ಒಂದು ಮಾತಿಲ್ಲ.

"ಕಾಯಿಲೆ ಬಿದ್ದ ಕೈ ಹೀಗೆ ಬರೆಯತ್ತೆ ಅಂತ ಅಂದ್ಕೊಂಡೆ," ಎಂದರು ವೇದವಲ್ಲಿ. "ಮೂರನೇ ಕಾರ್ಡು ನೋಡಿದ ದಿನ ನನಗೆ ನಾನೇ ಹಾಗಂತ ಹೇಳ್ಕೊಂಡೆ. ಕೋರ್ಟಲ್ಲಿ ಯಾರಾದ್ರೂ ಲಾಯರು ಹಾಗಂದಿದ್ರೆ ನಕ್ಕುಬಿಡ್ತಿದ್ದೆ. ಕಾಯಿಲೆ ಅಕ್ಷರಾನ ನಡುಗಿಸತ್ತೆ ಗಿರಿ, ಅಭ್ಯಾಸ ಬಿಡಿಸಲ್ಲ. ಮುಕುಂದ ಎಡಚ. ತಲಕಟ್ಟನ್ನ ಬಲಗಡೆಯಿಂದ ಎಡಕ್ಕೆ ಎಳೀತಾನೆ. ಮೇಷ್ಟ್ರು ಎಡಗೈಗೆ ಹೊಡೆದರು ಅಂತ ನಾನು ಶಾಲೆಗೆ ಹೋಗಿ ಜಗಳ ಆಡಿ ಬಂದಿದ್ದೆ. ಈ ಐದರಲ್ಲೂ ತಲಕಟ್ಟು ಎಡದಿಂದ ಬಲಕ್ಕೆ ಹೋಗಿದೆ."

"ಗೊತ್ತಿದ್ದೂ ಇಷ್ಟು ದಿನ ಯಾಕೆ ಕೇಳಲಿಲ್ಲ?"

ವೇದವಲ್ಲಿ ಮುಖ ಆಚೆ ತಿರುಗಿಸಿದರು. ಎದುರಿನ ಹುಲ್ಲಿನ ಮೇಲೆ ಜಪಾನಿ ತಾಯಿಯೊಬ್ಬಳು ಮಗುವಿನ ಮಾಸ್ಕ್ ಸರಿಮಾಡುತ್ತಿದ್ದಳು.

"ಕೇಳಿದ್ರೆ ನೀನು ಹೇಳಿಬಿಡ್ತಿದ್ದೆ," ಎಂದರು ಕೊನೆಗೆ.

ಐದು ತಿಂಗಳು ಅವರು ಆ ಪ್ರಶ್ನೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಮಗುವಿಗೆ ಎಣ್ಣೆ ನೀರು ಹಾಕಿದ್ದರು, ಸೊಸೆಗೆ ಮೆಂತ್ಯದ ಲೇಹ್ಯ ಮಾಡಿಕೊಟ್ಟಿದ್ದರು. ಅಕ್ಟೋಬರ್ ಒಂದರಿಂದ ಜಪಾನಿನಲ್ಲಿ ವಾಸದ ವೀಸಾ ಇರುವವರು ಮರಳಿ ಬರಬಹುದೆಂದು ಟಿವಿಯಲ್ಲಿ ಬಂದ ದಿನ, "ತಾರಾ, ಕೇಳಿಸ್ಕೊಂಡ್ಯಾ? ಮುಕುಂದ ಬರಬಹುದಂತೆ!" ಎಂದು ಕೂಗಿದರು. ಸಿಂಕಿನ ಮುಂದೆ ನಿಂತಿದ್ದ ತಾರಾ ತಿರುಗಲಿಲ್ಲ. "ಹೌದಾ ಅತ್ತೆ" ಎಂದಳು. ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.

ಆ ಲೋಟ ನೋಡಿದ ಮೇಲೆ ವೇದವಲ್ಲಿಗೆ ಇನ್ನು ಸುಮ್ಮನಿರಲಾಗಲಿಲ್ಲ. ಇಂದು ಬೆಳಗ್ಗೆ, ತರಕಾರಿಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ, ಎರಡು ರೈಲು ಬದಲಿಸಿ, ಸಿಕ್ಕಸಿಕ್ಕವರನ್ನು ಕ್ಷಮೆ ಕೋರಿ ನಿಲ್ಲಿಸಿ "ಸುಮಿಮಾಸೆನ್, ವಾಕೋ?" ಎಂದು ಕೇಳುತ್ತ ಒಬ್ಬರೇ ಇಲ್ಲಿಗೆ ಬಂದಿದ್ದರು.

"ಈಗ ಕೇಳ್ತಿದೀನಿ," ಎಂದರು. "ತಾರೀಖು ಹೇಳು."

ಗಿರಿಧರನ ಮಾಸ್ಕ್ ಒದ್ದೆಯಾಗಿತ್ತು.

"ಮಾರ್ಚ್ ಇಪ್ಪತ್ತೇಳು."

ಅವರ ಕೈ ಟೀ ಬಾಟಲಿಯ ಕಡೆ ಹೋಯಿತು. ಹಿಡಿಯಲಿಲ್ಲ. ಮಡಿಲಿಗೆ ವಾಪಸ್ಸು ಬಂತು. ಮಾರ್ಚ್ ಇಪ್ಪತ್ತೇಳರಂದು ತಾವು ಏನು ಮಾಡುತ್ತಿದ್ದೆವೆಂದು ನೆನಪು ಮಾಡಿಕೊಳ್ಳಲು ನೋಡಿದರು. ಯುಗಾದಿ ಕಳೆದು ಎರಡು ದಿನ. ಉಳಿದ ಹೋಳಿಗೆಯನ್ನು ಬಿಸಿ ಮಾಡಿ ತಿಂದಿರಬೇಕು.

"ಎಲ್ಲಿ?"

"ಓರ್ವಿಯೆತೋದಲ್ಲಲ್ಲ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದರು. ತುಂಬಾ ಜನ ಇದ್ದರಂತೆ. ಕಾರಿಡಾರಲ್ಲೆಲ್ಲ."

"ಜೊತೆಗೆ ಯಾರಿದ್ದರು?"

"ಯಾರೂ ಇರಲಿಲ್ಲ ಅಮ್ಮ. ಬಿಡ್ತಿರಲಿಲ್ಲ."

"ಮುಖ ನೋಡಿದವರು?"

"ಯಾರೂ ನೋಡಿಲ್ಲ. ಸೀಲ್ ಮಾಡಿಬಿಟ್ಟರು. ಪಾಸ್‌ಪೋರ್ಟ್ ಬ್ಯಾಗಲ್ಲಿತ್ತು, ಅದರಿಂದ ಹೆಸರು ಬರ್ಕೊಂಡರು. ಸುಟ್ಟು, ಕಾಗದಪತ್ರ ಕಳಿಸಿದರು."

ಕೇಸಿನ ಕಡತ ತುಂಬುವಂತೆ ಅವರು ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು. ಕೇಳುತ್ತಿರುವಷ್ಟು ಹೊತ್ತು ತಮ್ಮ ಮೇಲೆ ಏನೂ ಬೀಳುವುದಿಲ್ಲ ಎಂಬಂತೆ.

"ಆ ಕೆಲಸಕ್ಕೆ ಹೋಗಬೇಕಿದ್ದೋನು ನಾನು," ಎಂದ ಗಿರಿಧರ, ಕೇಳದಿದ್ದರೂ. "ನನ್ನ ಪಾಸ್‌ಪೋರ್ಟ್ ರಿನ್ಯೂವಲ್‌ಗೆ ಹೋಗಿತ್ತು. ಹತ್ತು ದಿನ ಲೇಟಾಯ್ತು. 'ಬಿಡೋ, ನಾನೇ ಹೋಗಿ ಬರ್ತೀನಿ, ಮಗು ಹುಟ್ಟೋ ಹೊತ್ತಿಗೆ ಬಂದಿರ್ತೀನಿ' ಅಂದ. ಅಲ್ಲಿಂದ ನನಗೊಂದು ಪ್ಯಾಕೆಟ್ ಕಾರ್ಡು ಕಳಿಸಿದ್ದ, ಖಾಲಿದು. ಅದರಲ್ಲೇ ಬರೆದೆ. ಅವನ ಅಕ್ಷರ ನೋಡ್ಕೊಂಡು ದಿನಾ ಪ್ರಾಕ್ಟೀಸ್ ಮಾಡ್ದೆ."

"ತಾರಾಗೆ ಹೇಗೆ ಮೋಸ ಮಾಡೋಕೆ ಮನಸ್ಸು ಬಂತೋ ನಿನಗೆ? ನನ್ನ ಬಿಡು. ಎಳೇ ಬಾಣಂತಿ, ದಿನಾ ದಾರಿ ನೋಡ್ತಿರೋಳು!"

ಗಿರಿಧರ ಅವರನ್ನೇ ನೋಡಿದ. ಅವನ ಕಣ್ಣಿನಲ್ಲಿ ಕಂಡ ಕನಿಕರ ವೇದವಲ್ಲಿಗೆ ಅರ್ಥವಾಗಲಿಲ್ಲ.

"ತಾರಾಗೆ ಗೊತ್ತಿದೆ ಅಮ್ಮ. ಅವತ್ತೇ ಗೊತ್ತು. ಆಸ್ಪತ್ರೆಯೋರು ಫೋನ್ ಮಾಡಿದ್ದೇ ಅವಳಿಗೆ."

"ಏನಂದೆ?"

"ಕಾರ್ಡು ತಾರಾಗಲ್ಲ. ನಿಮಗೆ."

ಗಾಳಿ ಬೀಸಿ ಒಂದು ಕಾರ್ಡು ಬೆಂಚಿನಿಂದ ಕೆಳಗೆ ಬಿತ್ತು. ಇಬ್ಬರೂ ಎತ್ತಿಕೊಳ್ಳಲಿಲ್ಲ.

"ಹೆರಿಗೆಗೆ ಎರಡು ವಾರ ಇತ್ತು," ಎಂದ ಗಿರಿಧರ. "ನಾನು ಓಡಿಬಂದೆ. ನೀವು ಒಳಗೆ ಪೂಜೆ ಮಾಡ್ತಿದ್ರಿ. ಅವಳು ನನ್ನ ಬಾಲ್ಕನಿಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದಳು. ಅಳಲಿಲ್ಲ. 'ಅತ್ತೆಗೆ ಹೇಳ್ಬೇಡ ಗಿರಿ' ಅಂದಳು. 'ಹೆರಿಗೆ ಆಗೋವರೆಗೆ ತಾನೆ?' ಅಂದೆ. ಹೆರಿಗೆ ಆದಮೇಲೂ ಬೇಡ ಅಂದಳು. ನನಗೆ ಸಿಟ್ಟು ಬಂತು, ಇದು ತಪ್ಪು ಅಂತ ಜಗಳ ಆಡ್ದೆ. ಆಗ ಅವಳು…" ಅವನು ಉಸಿರು ತೆಗೆದುಕೊಂಡ. "'ನನ್ನ ಪಾಲಿಗೆ ಅವನು ಹೋದ. ಮನೇಲಿ ಒಬ್ಬರಿಗಾದ್ರೂ ಬದುಕಿರಲಿ. ಅತ್ತೆ ದಿನಾ ಅವನ ವಿಷಯ ಮಾತಾಡ್ತಾರಲ್ಲ, ಅವನು ಬಂದಾಗ ಏನೇನು ಮಾಡಿಹಾಕಬೇಕು ಅಂತ, ಅದನ್ನ ಕೇಳ್ತಾ ಕೂತಿದ್ರೆ ಅಷ್ಟು ಹೊತ್ತು ನನಗೂ ಇದಾನೆ ಅನ್ಸತ್ತೆ' ಅಂದಳು."

ವೇದವಲ್ಲಿ ಮಾಸ್ಕ್ ತೆಗೆದರು. ಈ ದೇಶದಲ್ಲಿ ಹೊರಗೆ ಹಾಗೆ ಮಾಡಿದ್ದು ಅದೇ ಮೊದಲು. ಸೊಸೆಗೆ ನೋವಾದೀತೆಂದು ಐದು ತಿಂಗಳು ಅವರು ಬಾಯಿಬಿಟ್ಟಿರಲಿಲ್ಲ. ಮೂರನೆಯ ಕಾರ್ಡು ಬಂದ ರಾತ್ರಿಯಿಂದ ಇನ್ನಷ್ಟು ಹೆಚ್ಚಾಗಿ, ಇನ್ನಷ್ಟು ಜೋರಾಗಿ ಮಗನ ವಿಷಯ ಮಾತಾಡಿದ್ದರು, ತಾರಾಳಿಗೆ ಧೈರ್ಯವಿರಲೆಂದು. ಎರಡು ಕೋಣೆಯ ಆ ಫ್ಲ್ಯಾಟಿನಲ್ಲಿ ತಾರಾ ಒಬ್ಬಳೇ, ಶಬ್ದ ಬಾರದಂತೆ, ಎಲ್ಲಿ ಅತ್ತಿರಬೇಕು? ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡೆ? ನೀರು ಪೋಲು ಮಾಡುತ್ತೀಯೆಂದು ತಾವು ಗದರಿಸಿದ್ದು ನೆನಪಾಯಿತು.

"ಬೂದಿ?" ಎಂದರು.

"ಆಗಸ್ಟಲ್ಲಿ ಬಂತು. ನಿಮ್ಮನೇಲೇ ಇದೆ ಅಮ್ಮ. ತಾರಾ ರೂಮಲ್ಲಿ, ಬೀರು ಮೇಲೆ."

ಬಿಳಿ ಬಟ್ಟೆ ಸುತ್ತಿದ ಡಬ್ಬ. ಏನದು ಎಂದು ಕೇಳಿದಾಗ ಹೆಣ್ಣುಮಕ್ಕಳ ಬೊಂಬೆ ಹಬ್ಬಕ್ಕೆ ತರಿಸಿದ ಜಪಾನಿ ಬೊಂಬೆ, ಮುಂದಿನ ಮಾರ್ಚಿಗೆ ತೆಗೆಯೋಣ ಅತ್ತೆ ಎಂದಿದ್ದಳು. ಅದರ ಪಕ್ಕ ಸಂಜೆ ಹೊತ್ತು ಪುಟ್ಟ ದೀಪ ಇಡುತ್ತಿದ್ದಳು. ಬೆಳಕು ಚೆನ್ನಾಗಿದೆ, ಮಗು ನೋಡುತ್ತೆ ಎನ್ನುತ್ತಿದ್ದಳು.

ವೇದವಲ್ಲಿ ಬಗ್ಗಿ ಕೆಳಗೆ ಬಿದ್ದ ಕಾರ್ಡು ಎತ್ತಿಕೊಂಡರು. ಅದಕ್ಕೆ ಅಂಟಿದ ಹುಲ್ಲನ್ನು ಒರೆಸಿದರು. ಸುಳ್ಳು ಕಾರ್ಡೇ. ಆದರೂ ಒರೆಸಿದರು.

"ಅವನ ಸಾಮಾನು?"

"ಓರ್ವಿಯೆತೋದಲ್ಲಿ ಅವನಿದ್ದ ಮನೆಯ ಯಜಮಾನಿ ಕಳಿಸಿದ್ದಾರೆ. ಒಂದು ಸೂಟ್‌ಕೇಸು. ತಾರಾ ತೆಗೆಯೋದು ಬೇಡ ಅಂದಳು. ನನ್ನ ಮನೇಲಿದೆ, ಇಲ್ಲೇ ಐದು ನಿಮಿಷ. ಯಾರೂ ಮುಟ್ಟಿಲ್ಲ."

"ನಡಿ," ಎಂದು ಅವರು ಎದ್ದರು. ಗಿರಿಧರ ತೋಳು ಹಿಡಿದ. ಅವರು ಬಿಡಿಸಿಕೊಳ್ಳಲಿಲ್ಲ.

ಗಿರಿಧರನ ಹೆಂಡತಿ ನಿಶಾ ಬಾಗಿಲು ತೆರೆದವಳು, ಅವರ ಮುಖ ನೋಡಿದ ಕೂಡಲೇ ಏನೂ ಕೇಳದೆ ಪಕ್ಕಕ್ಕೆ ಸರಿದಳು. ಒಳಕೋಣೆಯ ಮೂಲೆಯಲ್ಲಿ ನೀಲಿ ಸೂಟ್‌ಕೇಸು. ಹಿಡಿಕೆಗೆ ಅವರೇ ಕಟ್ಟಿಕೊಟ್ಟಿದ್ದ ಕೆಂಪು ದಾರ ಬಣ್ಣ ಕಳೆದುಕೊಂಡಿತ್ತು.

ಜಿಪ್ಪು ಎಳೆದವನು ಗಿರಿಧರ. ಮೇಲೆಯೇ ಇದ್ದದ್ದು ಕಂದು ಬಣ್ಣದ ಸ್ವೆಟರು. ತೋಳು ಮಡಿಚಿ ಅಚ್ಚುಕಟ್ಟಾಗಿ ಇಟ್ಟಿತ್ತು. ಮುಕುಂದ ಹುಟ್ಟಿದಾಗಿನಿಂದ ಬಟ್ಟೆ ಮಡಿಚಿದವನಲ್ಲ, ಆ ಮನೆಯಾಕೆ ಮಡಿಚಿರಬೇಕು. ಗುರುತಿಲ್ಲದ ಹೆಂಗಸೊಬ್ಬಳು ತನ್ನ ಮಗನ ಬಟ್ಟೆಯನ್ನು ಒಗೆದು, ಮಡಿಚಿ, ಸಮುದ್ರದಾಚೆಗೆ ಕಳಿಸಿದ್ದಳು. ವೇದವಲ್ಲಿ ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡರು. ಯಾವುದೋ ಪರದೇಶದ ಸೋಪಿನ ವಾಸನೆ. ಅವನದು ಎಳ್ಳಷ್ಟೂ ಉಳಿದಿರಲಿಲ್ಲ.

ಅಲ್ಲಿಯವರೆಗೆ ತಡೆದಿದ್ದದ್ದು ಆಗ ಒಡೆಯಿತು. ನೆಲದ ಮೇಲೆ ಕುಸಿದು, ಸ್ವೆಟರಿನೊಳಗೆ ಮುಖ ಹುದುಗಿಸಿ, ಅರವತ್ತೆಂಟು ವರ್ಷದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತರು. "ಒಗೆದುಬಿಟ್ಟಿದಾಳೆ ಕಣೇ," ಎಂದರು ನಿಶಾಳ ಕಡೆ ತಿರುಗಿ. "ಒಂದನ್ನಾದ್ರೂ ಒಗೆಯದೆ ಬಿಡಬಾರದಿತ್ತಾ?" ನಿಶಾ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಗಿರಿಧರ ಗೋಡೆಗೆ ಮುಖ ಮಾಡಿ ನಿಂತ.

ಅಳು ಇಳಿದ ಮೇಲೆ ಅವರು ಒಂದೊಂದೇ ವಸ್ತು ತೆಗೆದರು. ಕನ್ನಡಕ. ಲೆಕ್ಕದ ನೋಟ್‌ಪುಸ್ತಕ. ಅರ್ಧ ಖಾಲಿಯಾದ ಉಪ್ಪಿನಕಾಯಿ ಬಾಟಲಿ. ಮುಚ್ಚಳದ ಒಳಜೇಬಿನಲ್ಲಿ ಏನೋ ಗಟ್ಟಿಯಾದ್ದು ಕೈಗೆ ಸಿಕ್ಕಿತು.

ಒಂದು ಕಾರ್ಡು. ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿ ತೆಗೆದ ಚಿತ್ರ: ಕತ್ತಲ ಗೋಡೆಯ ತುಂಬ ಸುತ್ತುವ ಕಿಟಕಿಗಳು, ತುದಿಯಲ್ಲಿ ಕಾಸಿನಗಲದ ಆಕಾಶ.

ವೇದವಲ್ಲಿ ಅದನ್ನು ತಿರುಗಿಸಿದರು.

ಅಕ್ಷರ ನಡುಗಿತ್ತು. ಸಾಲು ಸೊಟ್ಟಗೆ ಇಳಿದಿತ್ತು. ಎರಡೇ ಎರಡು ಸಾಲು.

ಅವರು ಚೀಲದಿಂದ ಭೂತಗನ್ನಡಿ ತೆಗೆದು ಕಿಟಕಿಯ ಹತ್ತಿರ ಹೋದರು. ಒಂದು ಸಲ ನೋಡಿದರು. ಕಣ್ಣೊರೆಸಿಕೊಂಡು ಮತ್ತೊಂದು ಸಲ ನೋಡಿದರು. ಆಮೇಲೆ ಕಾರ್ಡನ್ನು ತಲೆಕೆಳಗು ಹಿಡಿದು, ಅಕ್ಷರ ಓದದೆ ಬರೀ ಗೆರೆ ನೋಡಿದರು. ಆಸೆ ಕಣ್ಣಿಗೆ ಮೋಸ ಮಾಡದಿರಲಿ ಎಂದು ಶಿಷ್ಯರಿಗೆ ಅವರು ಕಲಿಸುತ್ತಿದ್ದ ಉಪಾಯ ಅದು.

"ಇದನ್ನ ನೀನು ಬರೆದಿಲ್ಲ," ಎಂದರು.

"ಇಲ್ಲ ಅಮ್ಮ. ಸೂಟ್‌ಕೇಸ್ ತೆಗೆದೇ ಇಲ್ಲ ನಾನು. ಅವನದೇ ಇರಬೇಕು, ಕಾಯಿಲೆ ಬಿದ್ದಾಗ ಬರೆದಿಟ್ಟಿರ್ತಾನೆ."

"ಅವನದೇ. ಎಡಗೈ. ಕಾಯಿಲೆಯವನ ಕೈ." ಅವರ ದನಿ ಇದ್ದಕ್ಕಿದ್ದಂತೆ ತಣ್ಣಗಾಗಿತ್ತು. "ಯಾರಿಗೆ ಬರೆದಿದಾನೆ ಓದು."

ಗಿರಿಧರ ಬಗ್ಗಿ ಓದಿದ. "'ಅಪ್ಪನ ಮುದ್ದು ಅಮೂಲ್ಯಳಿಗೆ…'"

ಓದುತ್ತಿದ್ದವನು ಅಲ್ಲಿಗೇ ನಿಂತ.

ಗಂಡ ಹೆಂಡತಿ ಇಬ್ಬರೂ ಸೇರಿ ಆರಿಸಿಟ್ಟುಕೊಂಡಿದ್ದ ಹೆಸರು ಸಾಹಿತ್ಯ. ಮಗು ಏಪ್ರಿಲ್ ಒಂಬತ್ತಕ್ಕೆ ಹುಟ್ಟಿ, ಆರು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು, ಉಳಿದು ಮನೆಗೆ ಬಂತು. ನಾಮಕರಣದ ಬೆಳಗ್ಗೆ ಅದನ್ನು ಮಡಿಲಲ್ಲಿ ಹಾಕಿಕೊಂಡಾಗ ವೇದವಲ್ಲಿಯ ಬಾಯಿಂದ ತಾನಾಗಿ ಬಂದ ಹೆಸರು ಅಮೂಲ್ಯ. ಅದಕ್ಕೆ ಮುಂಚೆ ಆ ಹೆಸರು ಯಾರ ಬಾಯಲ್ಲೂ ಇರಲಿಲ್ಲ, ಅವರದೇ ಮನಸ್ಸಿನಲ್ಲೂ ಇರಲಿಲ್ಲ. ಆ ಹೆಸರನ್ನು ಅವರು ಅಂದೇ ಕಾಗದದಲ್ಲಿ ಬರೆದು, ಮಗನಿದ್ದ ಮನೆಯ ವಿಳಾಸಕ್ಕೆ ಅಂಚೆಗೆ ಹಾಕಿದ್ದರು. ಅಂದು ಏಪ್ರಿಲ್ ಇಪ್ಪತ್ತು.

ಸತ್ತನೆಂದು ಕಾಗದ ಹೇಳಿದ ಮೇಲೆ ಇಪ್ಪತ್ತನಾಲ್ಕು ದಿನ.

ನಿಶಾ ಬಾಯಿಗೆ ಕೈ ಅಡ್ಡ ಹಿಡಿದಳು.

ವೇದವಲ್ಲಿಯ ಮುಖದಲ್ಲಿ ಸಂತೋಷವಿರಲಿಲ್ಲ. ಮುಖ ನೋಡದೆ ಮುಚ್ಚಿದ ಪೆಟ್ಟಿಗೆ, ಕಾರಿಡಾರಿನ ತುಂಬ ಮಲಗಿದ್ದ ಜನ, ಯಾರದೋ ತಲೆದಿಂಬಿನ ಪಕ್ಕ ಉಳಿದುಹೋದ ಒಂದು ಬ್ಯಾಗು, ಅದರಲ್ಲಿ ಪಾಸ್‌ಪೋರ್ಟು. ಇವೆಲ್ಲ ಒಂದರ ಪಕ್ಕ ಒಂದು ಬಂದು ನಿಂತವು.

"ಗಿರಿ," ಎಂದರು ಕಾರ್ಡನ್ನು ಎದೆಗೆ ಹಿಡಿದುಕೊಂಡು, "ತಾರಾ ದಿನಾ ಸಂಜೆ ದೀಪ ಇಡ್ತಿರೋದು ಯಾವ ತಾಯಿಯ ಮಗನಿಗೋ?"